ಫೆಲೋಶಿಪ್ ಅಂದ್ರೆ ನೌಕರಿಯಾ, ಓದಾ?

ರಾಮದುರ್ಗದಿಂದ ವೀಕ್ಷಕರೊಬ್ಬರು ಫೋನ್ ಮಾಡಿದ್ದರು. ಮಗಳು ಎಂ.ಎಸ್ಸಿ. ಮುಗಿಸಿ ಬೆಳಗಾವಿಯಲ್ಲಿ ಆರೋಗ್ಯ ಸಂಶೋಧನೆಗೆ ಸೇರಿದ್ದಾಳೆ, ಫೆಲೋಶಿಪ್ ಬರುತ್ತದೆ. ಅವರ ಪ್ರಶ್ನೆ ಇಷ್ಟೇ: "ಸರ್, ಮಗಳು ನೌಕರಿ ಹಿಡದಾಳ ಅಂತ ಮಂದಿಗೆ ಹೇಳ್ಲೋ, ಇನ್ನೂ ಕಲೀಲಿಕ್ಕತ್ತಾಳ ಅಂತ ಹೇಳ್ಲೋ?" ಕನ್ಯಾ ನೋಡಲು ಬಂದವರೂ ಇದನ್ನೇ ಕೇಳಿದರಂತೆ.

ಎರಡೂ ಹೇಳಿ ಅಂದೆ ನಾನು. ಕಲಿಯುತ್ತಲೇ ಕೆಲಸ ಮಾಡುವವರಿಗೆ ಕೊಡುವ ಹಣವೇ ಫೆಲೋಶಿಪ್. ಆದರೆ ಸರ್ಕಾರ ಯಾಕೆ ಕೊಡಬೇಕು? ಅದಕ್ಕೆ ನಮ್ಮ ಜಿಲ್ಲೆಯದೇ ಒಂದು ಕಥೆ ಇದೆ.

2002ರಿಂದ 2005ರವರೆಗೆ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿದರು. ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ತಾಯಂದಿರು ಸಾಯುತ್ತಿದ್ದ ಕಾಲ. ಇಂಜೆಕ್ಷನ್ ಬೇಡ, ಫ್ರಿಜ್ ಬೇಡ, ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಮಾತ್ರೆ ಸಾಕಾದೀತಾ? ಎಎನ್‌ಎಂ ಸಿಸ್ಟರ್‌ಗಳು 1,620 ಬಾಣಂತಿಯರಲ್ಲಿ ಅರ್ಧದಷ್ಟು ಮಂದಿಗೆ ಆ ಮಾತ್ರೆ, ಉಳಿದವರಿಗೆ ನೋಡಲು ಹಾಗೇ ಇರುವ, ಔಷಧವಿಲ್ಲದ ಮಾತ್ರೆ ಕೊಟ್ಟರು. ಅಳತೆಯ ಗೆರೆಗಳಿದ್ದ ಪ್ಲಾಸ್ಟಿಕ್ ಚೀಲದಲ್ಲಿ ರಕ್ತ ಹಿಡಿದು ಅಳೆದರು. ಅತಿ ರಕ್ತಸ್ರಾವ ನೂರಕ್ಕೆ 12 ಇದ್ದದ್ದು 6.4ಕ್ಕೆ ಇಳಿಯಿತು. 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕಾಗಿ ಆ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಈಗ ಯೋಚಿಸಿ. ಹಳ್ಳಿಯ ಹೆಣ್ಣುಮಗಳಿಗೆ ಅವಳ ಮಾತಿನಲ್ಲೇ ವಿವರಿಸಿ ಒಪ್ಪಿಗೆ ಪಡೆಯೋದು, ದಾಖಲೆಯಲ್ಲಿ ಒಂದು ಅಂಕಿಯೂ ತಪ್ಪದಂತೆ ಬರೆಯೋದು, ಆ ಅಂಕಿಗಳಿಂದ ಅರ್ಥ ತೆಗೆಯೋದು, ಇದೆಲ್ಲ ಜಾಹೀರಾತು ಕೊಟ್ಟ ಮರುದಿನ ಸಿಗುವ ವಿದ್ಯೆಯಲ್ಲ. ವರ್ಷಗಟ್ಟಲೆ ತಿದ್ದಿದರೆ ಬರುತ್ತದೆ. ಪ್ರಾಜೆಕ್ಟ್ ಹಣ ಮುಗಿದ ದಿನ, ಹೀಗೆ ತಯಾರಾದವರು ಬೇರೆ ದಾರಿ ನೋಡಿಕೊಳ್ಳುತ್ತಾರೆ. ಮುಂದಿನ ಪ್ರಾಜೆಕ್ಟ್‌ಗೆ ಮತ್ತೆ ಮೊದಲಿಂದ!

ಫೆಲೋಶಿಪ್ ಕೆಲಸಕ್ಕೆ ಬರೋದು ಇಲ್ಲೇ. ಜೆಆರ್‌ಎಫ್ ತೆಗೆದುಕೊಳ್ಳಿ. ರಾಷ್ಟ್ರಮಟ್ಟದ ಪರೀಕ್ಷೆ ಗೆದ್ದರೆ ಹಣ ಮಂಜೂರಾಗುವುದು ಆ ವ್ಯಕ್ತಿಯ ಹೆಸರಿಗೆ. ಮಾರ್ಗದರ್ಶಕರು ಒಪ್ಪಿದ ಸಂಸ್ಥೆಗೆ ಅದನ್ನು ಹೊತ್ತುಕೊಂಡು ಹೋಗಬಹುದು. ಸಂಸ್ಥೆಗೆ ಸಂಬಳದ ಚಿಂತೆಯಿಲ್ಲ, ಪಿಎಚ್.ಡಿ. ಮುಗಿಯುವ ತನಕ ಒಂದು ಚುರುಕಾದ ತಲೆ ಕೈಯಲ್ಲಿರುತ್ತದೆ. ಐಸಿಎಂಆರ್ 1979ರಿಂದ ವೈದ್ಯಕೀಯ ವಿದ್ಯಾರ್ಥಿಗಳಿಗೆ ಎರಡು ತಿಂಗಳ ಸಂಶೋಧನಾ ವೇತನವನ್ನೂ ಕೊಡುತ್ತಿದೆ. ನನ್ನ ಪ್ರಕಾರ ಅದು ಜರಡಿ ಇದ್ದ ಹಾಗೆ. ಸಂಶೋಧನೆ ತನಗೆ ಒಗ್ಗುತ್ತಾ ಅಂತ ಹುಡುಗನಿಗೂ ಗೊತ್ತಾಗುತ್ತೆ, ಈ ಹುಡುಗ ಆಗಬಹುದಾ ಅಂತ ಗುರುವಿಗೂ.

ನಮ್ಮ ಭಾಗಕ್ಕೆ ಇದು ಹೊಸದೇನಲ್ಲ ಬಿಡಿ. ಸವದತ್ತಿ ತಾಲ್ಲೂಕಿನ ಶಿರಸಂಗಿ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಆಸ್ತಿಯನ್ನು ವಿದ್ಯೆಗೆ ಬರೆದಿಟ್ಟರು. ಆ ಟ್ರಸ್ಟ್‌ನ ವಿದ್ಯಾರ್ಥಿವೇತನದಲ್ಲಿ ಓದಿದ ಮನೆಗಳು ಈ ಸೀಮೆಯಲ್ಲಿ ಎಷ್ಟೋ ಇವೆ.

ಆದರೆ ಹೊಗಳಿ ಸುಮ್ಮನಾಗುವ ಹಾಗಿಲ್ಲ. 2018-19ರಲ್ಲಿ ದೇಶದ ಸಂಶೋಧನಾ ವಿದ್ಯಾರ್ಥಿಗಳು ಬೀದಿಗಿಳಿದ ಮೇಲೆ ಜೆಆರ್‌ಎಫ್ ತಿಂಗಳಿಗೆ 25,000ದಿಂದ 31,000 ರೂಪಾಯಿಗೆ ಏರಿತು. 2023ರ ಜನವರಿಯಿಂದ 37,000. ಎರಡು ವರ್ಷದ ನಂತರ ಸೀನಿಯರ್ ಆದರೆ 42,000. ಮೊತ್ತ ಕೆಟ್ಟದ್ದೇನಲ್ಲ. ಕಾಗದದ ಮೇಲಿದ್ದದ್ದು ಪ್ರತಿ ತಿಂಗಳು ಖಾತೆಗೆ ಬೀಳದೇ ಇರೋದು ಒಂದು ಗೋಳು. ಐದು ವರ್ಷ ಮುಗಿದಾಗ ಹುದ್ದೆಯೇ ಇಲ್ಲದಿರೋದು ಅದಕ್ಕಿಂತ ದೊಡ್ಡ ಗೋಳು. ಬಿತ್ತಿ, ನೀರು ಹಾಯಿಸಿ, ಸುಗ್ಗಿ ಹೊತ್ತಿಗೆ ಹೊಲ ಬಿಟ್ಟು ಹೋಗುವ ರೈತ ಇದ್ದಾನಾ? ಸಂಸ್ಥೆಗಳು ಮಾಡುತ್ತಿರೋದು ಅದನ್ನೇ. ಹಾಗೆ ತಯಾರಾದವರು ಬೆಂಗಳೂರಿನ ಔಷಧ ಕಂಪನಿಗೋ ವಿದೇಶಕ್ಕೋ ಹೋದರೆ ಅವರನ್ನು ನಾನಂತೂ ಬೈಯಲಾರೆ.

ಬೈಲಹೊಂಗಲ, ಕಿತ್ತೂರು ಕಡೆಯ ತಂದೆತಾಯಿ, ಮಕ್ಕಳನ್ನು ಕಳಿಸೋ ಮುಂಚೆ ಮೂರು ಮಾತು ಕೇಳಿಸಿ. ಮಾರ್ಗದರ್ಶಕರ ಕೈಕೆಳಗೆ ಈವರೆಗೆ ಎಷ್ಟು ಜನ ಪಿಎಚ್.ಡಿ. ಮುಗಿಸಿದ್ದಾರೆ? ಹಿಂದಿನವರಿಗೆ ಹಣ ಎಷ್ಟು ತಿಂಗಳಿಗೊಮ್ಮೆ ಬಂತು? ಅವರೆಲ್ಲ ಈಗ ಎಲ್ಲಿದ್ದಾರೆ? ಮೂರನೆಯದನ್ನು ಸಂಸ್ಥೆಯ ಕಚೇರಿಯಲ್ಲಿ ಕೇಳಬೇಡಿ, ಅಲ್ಲಿ ಓದಿ ಹೊರಬಿದ್ದವರಿಗೇ ಫೋನ್ ಹಚ್ಚಿ.