ಕೋವಿಯ ಮರ ತಿದ್ದಿ, ಕಬ್ಬಿಣ ಮುಟ್ಟಬೇಡಿ

ನಮ್ಮ ಸಂಘದ ಸದಸ್ಯರಲ್ಲಿ ಅನೇಕರ ಮನೆಯಲ್ಲಿ ಒಂದು ಕೋವಿ ಇದೆ. ಬೆಳೆ ಕಾಯುವುದಕ್ಕೆಂದು ಕೊಂಡದ್ದು ಕೆಲವು, ಹಿರಿಯರಿಂದ ಬಂದದ್ದು ಹಲವು. ಕತ್ತಿಯ ಹಿಡಿ ಕೈಗೆ ಕೂರದಿದ್ದರೆ ಅದನ್ನು ಆಚಾರಿಯ ಬಳಿ ಒಯ್ದು ಸರಿಮಾಡಿಸುವ ನಾವು, ದೋಟಿಯ ಗಳುವನ್ನು ಮರದ ಎತ್ತರ ನೋಡಿ ಆರಿಸುವ ನಾವು, ಕೋವಿಯ ವಿಷಯದಲ್ಲಿ ಮಾತ್ರ ಕಾರ್ಖಾನೆಯಿಂದ ಹೇಗೆ ಬಂತೋ ಹಾಗೆಯೇ ಹೆಗಲಿಗೇರಿಸುತ್ತೇವೆ. ಭುಜ ನೀಲಿಗಟ್ಟಿದರೆ "ಕೋವಿ ಒದೆಯುತ್ತದೆ" ಎನ್ನುತ್ತೇವೆ. ಗುರಿ ತಪ್ಪಿದರೆ ತೋಟಾವನ್ನು ಬೈಯುತ್ತೇವೆ. ಬಹುಪಾಲು ಸಂದರ್ಭಗಳಲ್ಲಿ ಕೋವಿಯದೂ ತಪ್ಪಿಲ್ಲ, ತೋಟಾದ್ದೂ ತಪ್ಪಿಲ್ಲ. ಕೋವಿ ಅದನ್ನು ಹಿಡಿದವರ ಮೈಗೆ ಅಳತೆಯಾಗಿಲ್ಲ, ಅಷ್ಟೆ.

ಕಾರ್ಖಾನೆಯವರು ಸಾಧಾರಣ ಮೈಕಟ್ಟಿನ, ಬಲಗೈ ಬಳಕೆಯ ಒಬ್ಬ ಗಂಡಸನ್ನು ಮನಸ್ಸಿನಲ್ಲಿಟ್ಟುಕೊಂಡು ಎಲ್ಲರಿಗೂ ಒಂದೇ ಅಳತೆಯ ಕೋವಿ ಮಾಡುತ್ತಾರೆ. ಆರಡಿಯ ಆಳಿಗೂ ಐದಡಿಯ ಹೆಣ್ಣುಮಗಳಿಗೂ ಅದೇ ಅಂಗಿ ಹೊಲಿದಂತೆ. ಅಂಗಿಯನ್ನಾದರೆ ದರ್ಜಿಗೆ ಕೊಡುತ್ತೇವೆ. ಕೋವಿಯನ್ನು ತಿದ್ದಿಸಿಕೊಳ್ಳುವುದಕ್ಕೂ ಕ್ರಮವಿದೆ, ಎಲ್ಲೆಯೂ ಇದೆ. ಹೆಗಲಿಗೆ ತಾಗುವ ಮರದ ಭಾಗ, ಅಂದರೆ ಸ್ಟಾಕು, ತಿದ್ದಿಸಿಕೊಳ್ಳಲಿಕ್ಕೆಂದೇ ಇರುವಂಥದು. ನಳಿಗೆ, ಟ್ರಿಗರ್ ಮತ್ತು ಒಳಗಿನ ಯಂತ್ರ ತಿದ್ದುವಂಥವಲ್ಲ. ಈ ಲೇಖನದಲ್ಲಿ ಹೇಳಬೇಕಾದ ಮುಖ್ಯ ಮಾತು ಇದೇ.

ಅಳತೆ ನೋಡುವುದು ಹೇಗೆ?

ಮೊದಲು ಕೋವಿ ಬಿಚ್ಚಿ ಒಳಗೆ ತೋಟಾ ಇಲ್ಲವೆಂದು ಖಚಿತಮಾಡಿಕೊಳ್ಳಿ. ಕಣ್ಣಿನಿಂದ ಒಮ್ಮೆ, ಬೆರಳಿನಿಂದ ಇನ್ನೊಮ್ಮೆ. ತೋಟಾಗಳು ಬೇರೆ ಕೋಣೆಯಲ್ಲಿರಲಿ.

ಮೊದಲನೆಯದು ಉದ್ದ. ಟ್ರಿಗರಿನಿಂದ ಸ್ಟಾಕಿನ ಹಿಂತುದಿಯ ಮಧ್ಯದವರೆಗಿನ ಅಂತರ ಕಾರ್ಖಾನೆಯ ಕೋವಿಗಳಲ್ಲಿ ಸಾಮಾನ್ಯವಾಗಿ 14 ರಿಂದ 14½ ಅಂಗುಲ. ಗಿಡ್ಡ ಮೈಕಟ್ಟಿನವರಿಗೆ 13 ಅಥವಾ 13½ ಅಂಗುಲವೇ ಸಾಕಾಗಬಹುದು. ಉದ್ದ ಹೆಚ್ಚಾದರೆ ಎತ್ತುವಾಗ ಹಿಂತುದಿ ಕಂಕುಳಿಗೆ ಸಿಕ್ಕಿಕೊಂಡು, ಭುಜದ ಗುಂಡಿಗೆ ಬದಲು ತೋಳಿನ ಮೇಲೆ ಕೂರುತ್ತದೆ. ತೋಳು ನೀಲಿಗಟ್ಟುವುದು ಇದರಿಂದಲೇ. ಉದ್ದ ಕಡಿಮೆಯಾದರೆ ಈಡು ಹಾರಿದಾಗ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ. ಕೋವಿಯನ್ನು ಹೆಗಲಿಗೇರಿಸಿ ಕೆನ್ನೆಯಿಟ್ಟಾಗ ಮೂಗಿಗೂ ಹೆಬ್ಬೆರಳಿಗೂ ನಡುವೆ ಎರಡು ಬೆರಳಿನಷ್ಟು ಜಾಗವಿದ್ದರೆ ಉದ್ದ ಸರಿಯಾಗಿದೆಯೆಂದು ತಿಳಿಯಬಹುದು. ಅಳತೆ ನೋಡುವಾಗ ಕೋವಿ ಹಿಡಿಯುವ ಹೊತ್ತಿನಲ್ಲಿ ತೊಡುವ ಬಟ್ಟೆಯನ್ನೇ ತೊಟ್ಟಿರಬೇಕು. ಮಳೆಗಾಲದ ದಪ್ಪ ಕೋಟು ಸ್ಟಾಕಿಗೆ ಅರ್ಧ ಅಂಗುಲ ಸೇರಿಸಿದ ಹಾಗೆಯೇ ಲೆಕ್ಕ.

ಎರಡನೆಯದು ಎತ್ತರ. ಸ್ಟಾಕಿನ ಮೇಲಂಚು ನಳಿಗೆಯ ನೇರಕ್ಕಿಂತ ತಗ್ಗಿನಲ್ಲಿರುತ್ತದೆ. ಕೆನ್ನೆಯ ಕಡೆಯ ಮುಂದುದಿಯಲ್ಲಿ ಸುಮಾರು 1½ ಅಂಗುಲ, ಹೆಗಲಿನ ತುದಿಯಲ್ಲಿ 2¼ ರಿಂದ 2½ ಅಂಗುಲ ತಗ್ಗು ಸಾಧಾರಣ ಅಳತೆ. ನಾವು ಬಳಸುವ ಕೋವಿಗೆ ರೈಫಲಿಗಿರುವಂತೆ ಹಿಂದುಗಡೆ ಗುರಿಕಟ್ಟು ಇಲ್ಲ. ತುದಿಯಲ್ಲಿ ಒಂದು ಮಣಿ ಮಾತ್ರ. ಹಿಂದಿನ ಗುರಿಕಟ್ಟು ನಮ್ಮ ಕಣ್ಣೇ. ಆ ಕಣ್ಣನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವುದು ಕೆನ್ನೆಗೆ ತಾಗುವ ಮರ. ಮರ ತಗ್ಗಾಗಿದ್ದರೆ ಮಣಿ ಕಾಣದೆ ನಾವು ತಲೆ ಎತ್ತುತ್ತೇವೆ, ಕೆನ್ನೆ ಮರವನ್ನು ಬಿಡುತ್ತದೆ, ಈಡು ಹಾರಿದಾಗ ಅದೇ ಮರ ಕೆನ್ನೆಗೆ ಬಾರಿಸುತ್ತದೆ.

ಇದರ ಲೆಕ್ಕ ಸುಲಭ. ಕಣ್ಣಿನಿಂದ ನಳಿಗೆಯ ತುದಿಗೆ ಸುಮಾರು ಒಂದು ಗಜ. ಆದ್ದರಿಂದ ಕಣ್ಣು ಎಷ್ಟು ಮೇಲೆದ್ದಿತೋ, ಎಷ್ಟು ಗಜ ದೂರವೋ ಅಷ್ಟು ಪಟ್ಟು ಈಡು ಮೇಲಕ್ಕೆ ಹೋಗುತ್ತದೆ. ಕಾಲು ಅಂಗುಲ ತಲೆ ಎತ್ತಿದರೆ 40 ಗಜದಲ್ಲಿ 10 ಅಂಗುಲ ವ್ಯತ್ಯಾಸ. ಪ್ರಾಣಿಯ ಮರ್ಮಕ್ಕೂ ಬರಿಯ ಗಾಯಕ್ಕೂ ಇರುವ ಅಂತರ ಅಷ್ಟೆ. ಗಾಯಗೊಂಡ ಹಂದಿ ಮರುದಿನ ಬೆಳಿಗ್ಗೆ ಕಾಫಿ ಕೊಯ್ಯುವ ಹೆಂಗಸರ ಎದುರಿಗೆ ಬಂದರೆ ಏನಾಗುವುದೆಂದು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು ಓರೆ. ಬಲಗೈಯವರಿಗೆ ಸ್ಟಾಕು ಸುಮಾರು ಕಾಲು ಅಂಗುಲ ಬಲಕ್ಕೆ ವಾಲಿದ್ದರೆ ಕಣ್ಣು ಸಲೀಸಾಗಿ ನಳಿಗೆಯ ನೇರಕ್ಕೆ ಬರುತ್ತದೆ. ಎಡಗೈಯವರಿಗೆ ಇದು ತಿರುಗುಮುರುಗು. ಎಡಗೈಯವರು ಹಿರಿಯರ ಕೋವಿಯಿಂದ ಸದಾ ಒಂದೇ ಬದಿಗೆ ಗುರಿ ತಪ್ಪುತ್ತಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ.

ಜೊತೆಗೆ ಕಣ್ಣಿನ ಪರೀಕ್ಷೆಯೂ ಆಗಲಿ. ಎರಡೂ ಕಣ್ಣು ತೆರೆದು, ದೂರದ ಅಡಿಕೆ ಮರದ ಸುಳಿಗೆ ತೋರುಬೆರಳು ಹಿಡಿಯಿರಿ. ಎಡಗಣ್ಣು ಮುಚ್ಚಿದಾಗ ಬೆರಳು ಸುಳಿಯ ಮೇಲೆಯೇ ಇದ್ದರೆ ನಿಮ್ಮ ಬಲಗಣ್ಣು ಯಜಮಾನ; ಬೆರಳು ಪಕ್ಕಕ್ಕೆ ಸರಿದರೆ ಎಡಗಣ್ಣು. ಬಲಹೆಗಲಿನಿಂದ ಹೊಡೆಯುವವರಿಗೆ ಎಡಗಣ್ಣು ಯಜಮಾನನಾಗಿದ್ದರೆ ಮರ ಎಷ್ಟು ತಿದ್ದಿಸಿದರೂ ಉಪಯೋಗವಿಲ್ಲ. ಎಡಗಣ್ಣು ಮುಚ್ಚಿ ಹೊಡೆಯಬೇಕು, ಇಲ್ಲವೆ ಎಡಹೆಗಲಿಗೆ ಅಭ್ಯಾಸ ಮಾಡಿಕೊಳ್ಳಬೇಕು.

ಹದಿನಾರು ಗಜದ ಪರೀಕ್ಷೆ

ಲೈಸೆನ್ಸಿನ ಷರತ್ತುಗಳಿಗೆ ಒಳಪಟ್ಟು, ಹಿಂದೆ ಎತ್ತರದ ಮಣ್ಣಿನ ಧರೆ ಇರುವ ಕಡೆ, ನೆರೆಯವರಿಗೆ ಮೊದಲೇ ತಿಳಿಸಿ, ಒಂದು ದೊಡ್ಡ ಕಾಗದದ ಮಧ್ಯದಲ್ಲಿ ಕಪ್ಪು ಗುರುತು ಹಾಕಿ 16 ಗಜದಿಂದ ನಾಲ್ಕೈದು ಈಡು ಹೊಡೆದು ನೋಡಬಹುದು. ತಡೆದು ತಡೆದು ಗುರಿ ಹಿಡಿಯದೆ, ಕೋವಿ ಹೆಗಲಿಗೆ ಬಂದ ಕೂಡಲೇ ಹೊಡೆಯಬೇಕು. ಚರೆಗಳ ಗುಂಪಿನ ಮಧ್ಯ ಗುರುತಿನಿಂದ ಎಷ್ಟು ಅಂಗುಲ ಸರಿದಿದೆಯೋ, ಮರದಲ್ಲಿ ಅದರ ಹದಿನಾರನೆಯ ಒಂದು ಪಾಲು ತಿದ್ದುಪಡಿ ಬೇಕು. ಈಡು 4 ಅಂಗುಲ ಮೇಲೆ ಬಿದ್ದರೆ ಕೆನ್ನೆಯ ಮರ ಕಾಲು ಅಂಗುಲ ತಗ್ಗಬೇಕು. ಕೆಳಗೆ ಬಿದ್ದರೆ ಅಷ್ಟೇ ಏರಬೇಕು. ಮೇಲೆ ಹೇಳಿದ ಗಜದ ಲೆಕ್ಕವೇ ಇದು.

ತಿದ್ದುವ ಕ್ರಮ

ಖರ್ಚಿಲ್ಲದ್ದನ್ನು ಮೊದಲು ಮಾಡಿರಿ. ಮರ ಏರಬೇಕೆಂದಿದ್ದರೆ ಕೆನ್ನೆಯ ಜಾಗಕ್ಕೆ ರಟ್ಟಿನ ತುಂಡುಗಳನ್ನು ಒಂದರ ಮೇಲೊಂದಿಟ್ಟು ಬಟ್ಟೆಯ ಪಟ್ಟಿ ಸುತ್ತಿ, ಎತ್ತರ ಗೊತ್ತಾದ ಮೇಲೆ ತೊಗಲಿನ ಹೊದಿಕೆ ಕಟ್ಟಿಸಿದರಾಯಿತು. ಉದ್ದ ಸಾಲದಿದ್ದರೆ ಸ್ಟಾಕಿನ ತುದಿಗೆ ಬೂಟಿನಂತೆ ತೊಡಿಸುವ ರಬ್ಬರ್ ಪ್ಯಾಡು ಸಿಗುತ್ತದೆ. ಒದೆತವನ್ನೂ ಅದು ತಗ್ಗಿಸುತ್ತದೆ. ತುದಿಯ ಮಣಿ ಮಬ್ಬಿನಲ್ಲಿ ಕಾಣದಿದ್ದರೆ ಒಂದು ಚುಕ್ಕೆ ಬಿಳಿಯ ಬಣ್ಣ ಸಾಕು.

ಉದ್ದ ಹೆಚ್ಚಾಗಿದ್ದರೆ ಮಾತ್ರ ಗರಗಸದ ಕೆಲಸ. ಒಂದಂಗುಲ ದಪ್ಪದ ರಬ್ಬರ್ ಪ್ಯಾಡು ಕೂರಿಸುವ ಯೋಚನೆಯಿದ್ದರೆ ಆ ಒಂದಂಗುಲವನ್ನೂ ಸೇರಿಸಿ ಕತ್ತರಿಸಬೇಕೆಂಬುದನ್ನು ಮರೆಯಬಾರದು. ಹಿಂತುದಿಯ ಮೂಲ ಓರೆ ಕೆಡದಂತೆ ಸಮಾನಾಂತರವಾಗಿ ಕೊಯ್ಯಬೇಕು. ಹಲವು ಒಂಟಿ ನಳಿಗೆಯ ಕೋವಿಗಳಲ್ಲಿ ಸ್ಟಾಕಿನ ಒಳಗೆ ಉದ್ದಕ್ಕೆ ಒಂದು ಬೋಲ್ಟು ಹಾದಿರುತ್ತದೆ. ತುದಿಯ ತಗಡು ಬಿಚ್ಚಿ ನೋಡದೆ ಗರಗಸ ಹಾಕಬಾರದು. ಒಂದೇ ಸಲಕ್ಕೆ ಪೂರ್ತಿ ಕೊಯ್ಯದೆ ಕಾಲಂಗುಲ ಉಳಿಸಿಕೊಂಡು ಇನ್ನೊಮ್ಮೆ ಅಳೆಯಿರಿ. ಕೊಯ್ದ ತುಂಡನ್ನು ಕೋವಿಯ ನಂಬರು ಬರೆದು ಎತ್ತಿಡಿ. ಮುಂದಿನ ತಲೆಮಾರಿನವರು ಎತ್ತರವಾಗಿ ಬೆಳೆದರೆ ಅದು ಮತ್ತೆ ಕೂಡಿಸಲು ಬರುತ್ತದೆ. ಅತ್ತೆಯೋ ಸೊಸೆಯೋ, ಅಣ್ಣನೋ ತಮ್ಮನೋ, ಕಾನೂನುಬದ್ಧವಾಗಿ ಇಬ್ಬರು ಒಂದೇ ಕೋವಿ ಬಳಸುವ ಮನೆಗಳಲ್ಲಿ ಗಿಡ್ಡ ಮೈಕಟ್ಟಿನವರ ಅಳತೆಗೆ ಮರ ಮಾಡಿಸಿ, ಎತ್ತರದವರು ರಬ್ಬರ್ ಬೂಟು ತೊಡಿಸಿಕೊಳ್ಳುವುದು ಜಾಣತನ. ಗಿಡ್ಡವನ್ನು ಆ ಹೊತ್ತಿಗೆ ಉದ್ದ ಮಾಡಬಹುದು, ಉದ್ದವನ್ನು ಗಿಡ್ಡ ಮಾಡಲಾಗದು.

ಮರದ ಕೆಲಸವೇ ಆದರೂ ಲೈಸೆನ್ಸ್ ಇರುವ ಕೋವಿ ರಿಪೇರಿಯವರಲ್ಲೇ ಮಾಡಿಸಿ, ರಶೀದಿ ಪಡೆಯಿರಿ. 1959ರ ಆಯುಧ ಕಾಯ್ದೆ ಕೋವಿಯ ಬಿಡಿಭಾಗಗಳನ್ನೂ ಕೋವಿಯೆಂದೇ ಎಣಿಸುತ್ತದೆ. ಪರಿಚಯದ ಆಚಾರಿ ಎಷ್ಟೇ ನಿಪುಣನಾಗಿರಲಿ, ಅವನ ಕೊಟ್ಟಿಗೆಯಲ್ಲಿ ನಿಮ್ಮ ಕೋವಿ ಒಂದು ವಾರ ಒರಗಿದ್ದರೆ ಇಬ್ಬರಿಗೂ ತೊಂದರೆ.

ಒದೆತದ ಲೆಕ್ಕ

ಇಂಗ್ಲೆಂಡಿನ ಹೆಸರಾಂತ ಕೋವಿ ತಯಾರಕ ಡಬ್ಲ್ಯು. ಡಬ್ಲ್ಯು. ಗ್ರೀನರ್ ಹೇಳಿದ ಒಂದು ಸೂತ್ರವಿದೆ: ಕೋವಿಯ ತೂಕ ಅದು ಹಾರಿಸುವ ಚರೆಯ ತೂಕದ 96 ಪಟ್ಟು ಇರಬೇಕು. ಒಂದು ಔನ್ಸು ಚರೆಗೆ 6 ಪೌಂಡಿನ ಕೋವಿ. 1⅛ ಔನ್ಸಿಗೆ 6¾ ಪೌಂಡು. ಹಗುರವಾದ ಕೋವಿಗೆ ಭಾರದ ತೋಟಾ ಹಾಕಿ ಒದೆಯುತ್ತದೆಂದು ದೂರುವುದು ನ್ಯಾಯವಲ್ಲ. ಕೋವಿಯನ್ನು ತಿದ್ದುವ ಮುನ್ನ ತೋಟಾದ ಮೇಲೆ ಬರೆದಿರುವುದನ್ನು ಓದಿರಿ.

ಅದರಲ್ಲೂ ಹಳೆಯ ಕೋವಿಯಿದ್ದವರು ಇನ್ನೊಂದು ವಿಷಯ ಗಮನಿಸಬೇಕು. ಹಿಂದಿನ ಅನೇಕ ಇಂಗ್ಲಿಷ್ ಕೋವಿಗಳಲ್ಲಿ ತೋಟಾ ಕೂರುವ ಗೂಡು 2½ ಅಂಗುಲದ್ದು. ಇಂದಿನ 2¾ ಅಂಗುಲ, ಅಂದರೆ 70 ಮಿ.ಮೀ. ತೋಟಾ ಅದರೊಳಗೆ ಕೂತಂತೆಯೇ ಕಾಣುತ್ತದೆ. ಏಕೆಂದರೆ ಆ ಅಳತೆ ಹೊಡೆದ ಮೇಲೆ ಬಾಯಿ ಬಿಚ್ಚಿದ ತೋಟಾದ್ದು. ಹೊಡೆದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒಳಗಿನ ಒತ್ತಡ ಏರುತ್ತದೆ. ಕಬ್ಬಿಣದ ಪಟ್ಟಿಗಳನ್ನು ಹೆಣೆದು ಬೆಸೆದ, ಬಳ್ಳಿಯಂಥ ಗೆರೆಗಳು ಕಾಣುವ ಡಮಾಸ್ಕಸ್ ನಳಿಗೆಯಾದರಂತೂ ಇಂದಿನ ತೋಟಾ ಹಾಕುವ ಯೋಚನೆಯೇ ಬೇಡ. ಗೂಡನ್ನು ಕೊರೆಸಿ ದೊಡ್ಡದು ಮಾಡಿಸುವುದು ಇದಕ್ಕೆ ಪರಿಹಾರವಲ್ಲ. ಸರಿಯಾದ ತೋಟಾ ಹುಡುಕುವುದು, ಇಲ್ಲವೆ ಕೋವಿಗೆ ವಿಶ್ರಾಂತಿ ಕೊಡುವುದು.

ಮುಟ್ಟಬಾರದ್ದು

ಕಾಫಿ ಗಿಡಗಳ ನಡುವೆ ಓಡಾಡಲು ಅಡ್ಡಿಯೆಂದು ನಳಿಗೆಯನ್ನು ಮೊಟಕು ಮಾಡಿಸುವ ಆಲೋಚನೆ ಕೆಲವರಿಗೆ ಬರುವುದುಂಟು. ಆಯುಧ ಕಾಯ್ದೆಯ 6ನೇ ಕಲಮು ಅದಕ್ಕೆ ಪ್ರತ್ಯೇಕ ಲೈಸೆನ್ಸ್ ಬೇಕೆನ್ನುತ್ತದೆ. 2019ರ ತಿದ್ದುಪಡಿಯ ನಂತರ ಈ ಅಪರಾಧಕ್ಕೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರ ಅಕ್ಟೋಬರ್‌ವರೆಗೆ ಮುಂದುವರಿಸಲಾದ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. ನಳಿಗೆ ಕತ್ತರಿಸುವುದಕ್ಕೆ ಅದು ಅಪ್ಪಣೆಯಲ್ಲ. ನಳಿಗೆಗೆ ಪಟ್ಟಿಯ ಕೊಂಡಿ ಬೆಸೆಯುವುದೂ ಬೇಡ. ಬೆಂಕಿಯ ಶಾಖಕ್ಕೆ ಉಕ್ಕಿನ ಹದ ಕೆಡಬಹುದು. ಹಳೆಯ ನಳಿಗೆಗೆ ಹೊಳಪು ಕೊಡಿಸುವಾಗ ಕೆತ್ತಿದ ನಂಬರು ಅಳಿಸಿಹೋದರೆ ಅದೂ 8ನೇ ಕಲಮಿನ ಪ್ರಕಾರ ಅಪರಾಧ.

ಟ್ರಿಗರನ್ನು "ಹೂವಿನಂತೆ" ಹಗುರ ಮಾಡಿಕೊಡುತ್ತೇನೆನ್ನುವವರಿಂದ ದೂರವಿರಿ. ಒಳಗಿನ ಕಚ್ಚನ್ನು ಅರದಿಂದ ಒಂದಿಷ್ಟು ಹೆಚ್ಚಿಗೆ ಉಜ್ಜಿದರೂ, ಬೇಲಿ ದಾಟುವಾಗ ಕೋವಿಗೆ ಪೆಟ್ಟು ತಗುಲಿ ಈಡು ತಾನಾಗಿ ಹಾರಬಹುದು.

ನಮ್ಮಲ್ಲಿ ಕೆಲವರು ಆತ್ಮರಕ್ಷಣೆಗೆ ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರು ಇಟ್ಟುಕೊಂಡಿದ್ದಾರೆ. ಅವರಿಗೂ ಇದೇ ನಿಯಮ. ಅಂಗೈಗೆ ಕೂರದಿದ್ದರೆ ಹಿಡಿಯ ಎರಡು ಪಕ್ಕೆಗಳನ್ನು ಬದಲಿಸಿ ಮರದ್ದನ್ನೋ ರಬ್ಬರಿನದನ್ನೋ ಹಾಕಿಸಬಹುದು. ಸ್ಪ್ರಿಂಗು, ಟ್ರಿಗರು, ನಳಿಗೆಗಳ ತಂಟೆ ಬೇಡ. ಹಗುರವಾದದ್ದೇ ಒಳ್ಳೆಯದೆಂಬ ಭ್ರಮೆಯೂ ಬೇಡ. 2014ರಲ್ಲಿ ಹೊರಬಂದ ನಿರ್ಭೀಕ್ ರಿವಾಲ್ವರಿನ ತೂಕ 500 ಗ್ರಾಂ. ಚೀಲದಲ್ಲಿಡಲು ಸುಖ, ಆದರೆ ಹಗುರವಾದಷ್ಟೂ ಕೈಗೆ ಒದೆತ ಹೆಚ್ಚು.

ಕೊನೆಯದಾಗಿ

2019ರ ತಿದ್ದುಪಡಿಯಿಂದ ಒಬ್ಬ ಲೈಸೆನ್ಸುದಾರ ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ಇರುವುದನ್ನೇ ಮೈಗೆ ಹೊಂದಿಸಿಕೊಳ್ಳಲು ಇದೂ ಒಂದು ಕಾರಣ. ಚುನಾವಣೆಯ ಕಾಲದಲ್ಲಿ ಠಾಣೆಗೆ ಜಮಾ ಮಾಡುವಾಗ ಪ್ಯಾಡು, ಹೊದಿಕೆಗಳನ್ನು ಬಿಚ್ಚಿ ಮನೆಯಲ್ಲಿಡಿ. ವಾಪಸು ಬಂದ ಮೇಲೆ ನಳಿಗೆಯೊಳಗೆ ಬೆಳಕು ಹಾಯುವುದೇ ಎಂದು ನೋಡದೆ ತೋಟಾ ಹಾಕಬೇಡಿ. ಕಣಜದ ಹುಳು ಮಣ್ಣಿನ ಗೂಡು ಕಟ್ಟಿದ ನಳಿಗೆ ಸಿಡಿದರೆ ಕೈ ಹೋಗುತ್ತದೆ.

ಮೈಗೆ ಹೊಂದಿದ ಕೋವಿ ಕೈಯಲ್ಲಿದೆಯೆಂದು ಕಾಡುಪ್ರಾಣಿಯನ್ನು ಹೊಡೆಯುವ ಹಕ್ಕು ಬಂದಂತಾಗಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಕಲಮಿನಂತೆ, ಬೆಳೆ ಹಾಳುಮಾಡುವ ಪ್ರಾಣಿಯನ್ನು ಕೊಲ್ಲಲು ಅಧಿಕಾರಿಯು ಕಾರಣ ನಮೂದಿಸಿ ಲಿಖಿತ ಆದೇಶ ಕೊಟ್ಟಿರಬೇಕು. ಅದು ಕೈಗೆ ಬರುವವರೆಗೆ ಕೋವಿ ಕಪಾಟಿನಲ್ಲಿ, ಬೀಗದೊಳಗೆ ಇರಲಿ. ಅಳತೆಯ ಕೆಲಸವನ್ನು ಮಾತ್ರ ಈ ವಾರವೇ, ಖಾಲಿ ಕೋವಿಯಿಂದ, ಕನ್ನಡಿಯ ಮುಂದೆ ನಿಂತು ಮಾಡಿಕೊಳ್ಳಬಹುದು.