ಹೊಸ ಬಂಡಿಯೂ ಅದಕ್ಕೊಪ್ಪುವ ಜೋಡಿಯೂ

ಪಾಶ್ಚಾತ್ಯರು ಮೋಟಾರಿನ ಹಿಂದೆ ಕಟ್ಟಿಕೊಂಡು ಹೊರಡುವ ‘ಕ್ಯಾಂಪರ್’ ಎಂಬ ಗಾಲಿಮನೆಯನ್ನು ಚಿತ್ರದಲ್ಲಿ ಕಂಡು ಬೆರಗಾಗುವ ತರುಣರಿಗೆ ನಮ್ಮ ಕೊಲ್ಲಾರಿ ಬಂಡಿಯ ನೆನಪನ್ನು ಮಾಡಿಕೊಡಬೇಕಾಗಿದೆ. ಬಳ್ಳಾರಿ, ಸಿರುಗುಪ್ಪದ ಕಡೆಯ ಒಕ್ಕಲು ಮಂದಿ ಕುರುಗೋಡಿನ ದೊಡ್ಡಬಸವೇಶ್ವರನ ತೇರಿಗೆ ಬಂಡಿ ಹೂಡಿ ಹೊರಟರೆಂದರೆ ರೊಟ್ಟಿಯ ಗಂಟು, ಹಾಸಿಗೆ, ಮಕ್ಕಳು, ಎತ್ತಿನ ಮೇವು ಎಲ್ಲವೂ ಆ ಕಮಾನಿನ ಕೆಳಗೇ. ರಾತ್ರಿ ಮೂಕಿ ಇಳಿಸಿದ ಕಡೆಯೇ ಊರು.

ಇಂಥ ಬಂಡಿಗೆ ಎತ್ತುಗಳನ್ನು ಆರಿಸುವುದು ಒಂದು ವಿದ್ಯೆಯೇ ಆಗಿದ್ದಿತು. ಹಲ್ಲು ನೋಡಿ ವಯಸ್ಸು ಗೊತ್ತುಮಾಡುವುದು ಮೊದಲ ಪಾಠ. ಎಂಟೂ ಹಲ್ಲು ಬಂದು ಬಾಯಿಗೂಡಿದ ಎತ್ತು ಹೊರೆಗೆ ಹದವಾದದ್ದು. ಅಮೃತಮಹಲ್, ಹಳ್ಳಿಕಾರ ತಳಿಗಳು ಓಟಕ್ಕೆ. ಗಡಿಯಾಚೆಯ ಒಂಗೋಲು ತಳಿ ಭಾರಕ್ಕೆ. ಆದರೆ ಎಳೆಯುವ ಬಲವೊಂದನ್ನೇ ನೋಡಿ ಹಣ ಕೊಟ್ಟವನು ಅರ್ಧ ವ್ಯಾಪಾರವನ್ನಷ್ಟೇ ಮಾಡಿದಂತೆ. ಏರಿನಲ್ಲಿ ಬಂಡಿಯನ್ನು ಎತ್ತು ಎಳೆಯುತ್ತದೆ. ಇಳಿಜಾರಿನಲ್ಲಿ ಬಂಡಿಯೇ ಎತ್ತನ್ನು ನೂಕುತ್ತದೆ. ಆಗ ಕಾಲೂರಿ ಹಿಂದಕ್ಕೊತ್ತಿ ನಿಲ್ಲಬಲ್ಲ ಜೋಡಿಯೇ ಜೋಡಿ. ಎತ್ತರ, ನಡಿಗೆ ಎರಡೂ ಸಮನಾಗಿಲ್ಲದಿದ್ದರೆ ನೊಗ ಓರೆಯಾಗಿ ಒಂದರ ಹೆಗಲು ಹುಣ್ಣಾಗುವುದು.

ಹೇರುವುದರಲ್ಲಿಯೂ ಹೀಗೆಯೇ. ಮುಂಭಾರವಾದರೆ ಎತ್ತಿನ ಕುತ್ತಿಗೆ ಬಾಗುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಕೊರಳಹಗ್ಗ ಬಿಗಿಯುತ್ತದೆ. ನಡುವಿನ ಹದ ತುಸು ಮುಂಭಾರದಲ್ಲಿದೆ. ಅಮೆರಿಕದಲ್ಲಿ ಗಾಲಿಮನೆಯ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಎಳೆಯುವ ವಾಹನದ ಕೊಂಡಿಯ ಮೇಲೆ ಬೀಳಬೇಕೆಂದು ವಿಧಿಸುತ್ತಾರೆ. ಕಡಿಮೆಯಾದರೆ ಹಿಂದಿನ ಬಂಡಿ ಹಾವಿನಂತೆ ಹೊಯ್ದಾಡುವುದು. ನಮ್ಮ ಬಂಡಿಕಾರನು ಈ ಲೆಕ್ಕವನ್ನು ಮೂಕಿಯನ್ನು ಕೈಯಿಂದೆತ್ತಿ ತೂಗಿಯೇ ತಿಳಿಯುತ್ತಿದ್ದನು.

ಹೊಸ ಬಂಡಿಗೆ ದುರಸ್ತಿ ಏಕೆಂದು ಕೇಳುವವರು ಬಳ್ಳಾರಿಯ ಬೇಸಗೆಯನ್ನು ಅರಿಯರು. ಮೊದಲ ಬಿಸಿಲಿಗೇ ಮರ ಒಣಗಿ ಕುಗ್ಗುತ್ತದೆ, ಕಬ್ಬಿಣದ ಹಳಿ ಸಡಿಲಗೊಂಡು ಗಾಲಿ ಗಲಗಲವೆನ್ನುತ್ತದೆ. ಗಾಲಿಯನ್ನು ಕೆರೆಯಲ್ಲಿ ನೆನೆಹಾಕಿದರೆ ಮರ ಉಬ್ಬಿ ಬಿಗಿಯಾಗುವುದು ನಿಜ, ಆದರೆ ಅದು ನಾಲ್ಕು ದಿನದ ಉಪಾಯ. ಖಾಯಂ ಚಿಕಿತ್ಸೆ ಕಮ್ಮಾರನದು: ಹಳಿಯನ್ನು ಕತ್ತರಿಸಿ, ಕಿರಿದು ಮಾಡಿ ಬೆಸೆದು, ಕೆಂಪಗೆ ಕಾಯಿಸಿ ಗಾಲಿಗೆ ತೊಡಿಸಿ ನೀರು ಹೊಯ್ಯುವುದು. ತಣಿಯುವ ಕಬ್ಬಿಣ ಕುಗ್ಗಿ ಮರದ ಕೀಲುಗಳನ್ನೆಲ್ಲ ಒಂದಾಗಿ ಹಿಡಿಯುತ್ತದೆ. (ಗಾಲಿಗೆ ಒದಗುವುದು ನಾಡಿನ ಕರಿಜಾಲಿ, ಊರ ಹೆಸರನ್ನೇ ಹೊತ್ತ ‘ಬಳ್ಳಾರಿ ಜಾಲಿ’ ಅಮೆರಿಕದಿಂದ ಬಂದದ್ದು, ಸೌದೆಗೂ ಇದ್ದಿಲಿಗೂ ಹೆಸರಾದದ್ದು.) ಬಡಗಿ, ಕಮ್ಮಾರರಿಗೆ ಸುಗ್ಗಿಯಲ್ಲಿ ಆಯದ ಕಾಳು ಸಲ್ಲುತ್ತಿದ್ದಿತು, ವರ್ಷವಿಡೀ ಒಕ್ಕಲುತನದ ಸಲಕರಣೆಗಳ ದುರಸ್ತಿ ಅವರ ಹೊಣೆ. ಇಂದಿನ ಕಂಪನಿಗಳ ಖಾತರಿ ಚೀಟಿಯಲ್ಲಿ ಕಾಣುವ ವಿನಾಯಿತಿಗಳು ಆ ಒಪ್ಪಂದದಲ್ಲಿರಲಿಲ್ಲ. ಮಾಡಿದವನೂ ಮಾಡಿಸಿಕೊಂಡವನೂ ಒಂದೇ ಊರಿನವರು.

1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗಿಳಿಯಿತು. ಇಂದು ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿ ಟ್ರ್ಯಾಕ್ಟರ್‌ಗಳದೇ ರಾಜ್ಯ. ಜಾತ್ರೆಗೂ ಟ್ರ್ಯಾಲಿಗೆ ತಾಡಪಾಲು ಕಟ್ಟಿ ಹೊರಡುವವರುಂಟು. ಸರಕಿನ ಟ್ರ್ಯಾಲಿಯಲ್ಲಿ ಜನರನ್ನು ಸಾಗಿಸುವುದು ಕಾನೂನಿಗೆ ವಿರುದ್ಧ, ಜೀವಕ್ಕೂ ಅಪಾಯ. ಕೊಳ್ಳುವವರು ಈಗಲೂ ಕೇಳುವುದು ಎಂಜಿನ್ನಿನ ಅಶ್ವಶಕ್ತಿಯನ್ನೇ. ಇಳಿಜಾರಿನಲ್ಲಿ ತುಂಬಿದ ಟ್ರ್ಯಾಲಿಯನ್ನು ತಡೆಯುವ ಬ್ರೇಕಿನ ವಿಚಾರ ಕೇಳುವವರು ವಿರಳ. ಹೊಸ ಟ್ರ್ಯಾಲಿಯ ಗಾಲಿಯ ನಟ್ಟುಗಳನ್ನು ಮೊದಲ ಕೆಲವು ಹೊರೆಗಳಾದೊಡನೆ ಮತ್ತೆ ಬಿಗಿ ಮಾಡಿಸಬೇಕು. ಹೊರಡುವ ಮುನ್ನ ಕೊಂಡಿಯ ಪಿನ್ನನ್ನೂ ನೋಡಬೇಕು, ಹಿಂದೆ ಬಂಡಿಕಾರನು ಗಾಲಿಯ ಕಡಾಣಿಯನ್ನು ಮುಟ್ಟಿ ನೋಡಿಯೇ ಬಾರುಕೋಲು ಹಿಡಿಯುತ್ತಿದ್ದಂತೆ.