ಬಾಗಿಲ ಲಾಕ್ ಬದಲಿಸಬೇಕೇ? ಫೋಟೋ ಸಾಲದು, ಅಳತೆ ಬೇಕು

ಮುಂಬಾಗಿಲ ಲಾಕ್ ಕೈಕೊಟ್ಟರೆ ನಾವು ಮೊದಲು ಮಾಡುವ ಕೆಲಸ ಏನು? ಮೊಬೈಲ್ ತೆಗೆದು ಒಂದು ಫೋಟೋ ಹೊಡೆಯುವುದು. ಅದನ್ನು ಹಾರ್ಡ್‌ವೇರ್ ಅಂಗಡಿಗೆ ಕಳಿಸುತ್ತೇವೆ, ಇಲ್ಲವೇ ಅಪಾರ್ಟ್‌ಮೆಂಟ್ ಗ್ರೂಪಿಗೆ ಹಾಕಿ "ಇದೇ ಥರದ್ದು ಎಲ್ಲಿ ಸಿಗುತ್ತೆ?" ಎಂದು ಕೇಳುತ್ತೇವೆ. ನಾನೂ ಹಾಗೇ ಮಾಡಿದ್ದೆ. ನೋಡಲು ಥೇಟ್ ಹಳೆಯದರ ಹಾಗೇ ಇದ್ದ ಲಾಕ್ ಮನೆಗೆ ಬಂತು, ಆದರೆ ಬಾಗಿಲಿನ ಒಂದು ತೂತಿಗೂ ತಾಳೆಯಾಗಲಿಲ್ಲ. ಬಡಗಿ ನಗುತ್ತಾ, "ಫೋಟೋದಲ್ಲಿ ಮಿಲಿಮೀಟರ್ ಕಾಣುತ್ತಾ ಮೇಡಂ?" ಎಂದರು.

ಅವರು ಹೇಳಿದ್ದು ಸರಿ. ಕ್ಯಾಮೆರಾ ಆಕಾರವನ್ನು ಹಿಡಿಯುತ್ತದೆ, ಗಾತ್ರವನ್ನಲ್ಲ. ಸಣ್ಣ ಲಾಕನ್ನು ಹತ್ತಿರದಿಂದ, ದೊಡ್ಡದನ್ನು ಸ್ವಲ್ಪ ದೂರದಿಂದ ತೆಗೆದರೆ ಎರಡೂ ಫೋಟೋ ಒಂದೇ ಥರ ಕಾಣುತ್ತವೆ.

ನಿಜವಾಗಿಯೂ ಲಾಕೇ ಕೆಟ್ಟಿದೆಯೇ?

ಅಳೆಯುವ ಮೊದಲು ಒಂದು ಪರೀಕ್ಷೆ. ಬಾಗಿಲನ್ನು ತೆರೆದಿಟ್ಟುಕೊಂಡೇ ಕೀ ತಿರುಗಿಸಿ. ಆಗ ಸಲೀಸಾಗಿ ತಿರುಗಿ, ಬಾಗಿಲು ಮುಚ್ಚಿದಾಗ ಮಾತ್ರ ಬಿಗಿಯಾದರೆ ತಪ್ಪು ಲಾಕಿನದ್ದಲ್ಲ. ಮಳೆಗಾಲದಲ್ಲಿ ಮರ ತೇವ ಹೀರಿ ಅಡ್ಡಕ್ಕೆ ಉಬ್ಬುತ್ತದೆ, ಕೆಲವೊಮ್ಮೆ ಕೀಲು ಸಡಿಲವಾಗಿ ಬಾಗಿಲು ತುಸು ಇಳಿದಿರುತ್ತದೆ. ಲಾಕಿನ ನಾಲಿಗೆ ಚೌಕಟ್ಟಿನ ತೂತಿಗೆ ಸರಿಯಾಗಿ ಕೂರುವುದಿಲ್ಲ, ಅಷ್ಟೇ. ಕರಾವಳಿ, ಮಲೆನಾಡಿನ ಮನೆಗಳವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚೌಕಟ್ಟಿನ ಪ್ಲೇಟನ್ನು ಸ್ವಲ್ಪ ಸರಿಸಿದರೆ ಕೆಲಸ ಮುಗಿಯಬಹುದು.

ಬಾಗಿಲು ತೆರೆದಿದ್ದಾಗಲೂ ಕೀ ಸಿಕ್ಕಿಕೊಂಡರೆ ತೆಂಗಿನೆಣ್ಣೆ ಬಿಡಬೇಡಿ. ಎಣ್ಣೆ ಧೂಳನ್ನು ಹಿಡಿದು ಕೊನೆಗೆ ಅಂಟಾಗುತ್ತದೆ. ಪೆನ್ಸಿಲ್ ಸೀಸದ ಪುಡಿ, ಅಂದರೆ ಗ್ರಾಫೈಟ್, ವಾಸಿ.

ಇಡೀ ಲಾಕ್ ಬದಲಿಸಲೇಬೇಕು ಎಂಬ ತಪ್ಪು ಕಲ್ಪನೆ

ಹ್ಯಾಂಡಲ್, ಅದರ ಕೆಳಗೆ ಕೀಲಿ ತೂತು, ಪೆಟ್ಟಿಗೆ ಬಾಗಿಲಿನ ಒಳಗೆ: ಇಂಥದ್ದಕ್ಕೆ ಮಾರ್ಟಿಸ್ ಲಾಕ್ ಎನ್ನುತ್ತಾರೆ. ಇದರಲ್ಲಿ ಕೀ ಹೋಗುವ ಭಾಗವಾದ ಸಿಲಿಂಡರ್ ಸಾಮಾನ್ಯವಾಗಿ ಬೇರೆಯಾಗಿಯೇ ಬಿಚ್ಚಿ ಬರುತ್ತದೆ. ಕೀ ಕಳೆದುಹೋಗಿದ್ದರೆ, ಅಥವಾ ಹಿಂದಿನ ಬಾಡಿಗೆದಾರರ ಬಳಿ ಎಷ್ಟು ನಕಲಿ ಕೀಗಳಿವೆಯೋ ಎಂಬ ಭಯವಿದ್ದರೆ ಅದೊಂದನ್ನೇ ಬದಲಿಸಿದರೆ ಸಾಕು. (ಬಾಡಿಗೆ ಮನೆಯಾದರೆ ಓನರ್‌ಗೆ ಹೇಳಿಯೇ ಮಾಡಿ.)

ಬಾಗಿಲ ಅಂಚಿನ ಲೋಹದ ಪಟ್ಟಿಯಲ್ಲಿ, ಕೀಲಿ ತೂತಿನ ಮಟ್ಟಕ್ಕೆ ಒಂದು ಉದ್ದದ ಸ್ಕ್ರೂ ಇರುತ್ತದೆ. ಅದನ್ನು ಬಿಚ್ಚಿ, ಕೀ ಹಾಕಿ ಸ್ವಲ್ಪವೇ ತಿರುಗಿಸಿ ಎಳೆದರೆ ಸಿಲಿಂಡರ್ ಹೊರಬರುತ್ತದೆ. ಅದಕ್ಕೂ ಮೊದಲು ಬಾಗಿಲಿಗೆ ಏನಾದರೂ ಅಡ್ಡ ಇಡಿ. ಗಾಳಿಗೆ ಬಾಗಿಲು ಹಾಕಿಕೊಂಡರೆ ಹೊರಗೇ ನಿಲ್ಲಬೇಕಾದೀತು.

ಎಲ್ಲರೂ ಎಡವುವುದು ಈ ಸಿಲಿಂಡರಿನ ಅಳತೆಯಲ್ಲಿ. ಒಟ್ಟು ಉದ್ದ ಒಂದನ್ನೇ ಅಳೆದು "70 ಮಿ.ಮೀ. ಕೊಡಿ" ಎಂದರೆ ಸಾಲದು. ಸ್ಕ್ರೂ ಕೂರುವ ತೂತಿನ ನಡುಬಿಂದುವಿನಿಂದ ಹೊರತುದಿಯವರೆಗೆ ಒಂದು ಅಳತೆ, ಒಳತುದಿಯವರೆಗೆ ಇನ್ನೊಂದು. 35+35 ಕೂಡ 70, 30+40 ಕೂಡ 70. ಆದರೆ ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿದರೆ ಒಂದು ಕಡೆ ಐದು ಮಿ.ಮೀ. ಹೊರಚಾಚುತ್ತದೆ, ಇನ್ನೊಂದು ಕಡೆ ಅಷ್ಟೇ ಒಳಗೆ ಹೂತುಹೋಗುತ್ತದೆ.

ಹೊರಚಾಚಿದರೆ ಏನಂತೆ ಎನ್ನಬೇಡಿ. ಸ್ಕ್ರೂ ತೂತು ಇರುವ ಕಡೆ ಸಿಲಿಂಡರಿನ ಲೋಹ ಅತಿ ತೆಳು. ಹೊರಗೆ ಹಿಡಿತ ಸಿಕ್ಕರೆ ಕಳ್ಳರು ಅದನ್ನು ಅಲ್ಲೇ ಮುರಿಯಬಲ್ಲರು. ಆದ್ದರಿಂದ ಹೊರಗಿನ ತುದಿ ಪ್ಲೇಟಿನ ಸಮಕ್ಕೆ ಇರಬೇಕು, ಹೆಚ್ಚೆಂದರೆ ಎರಡು ಮೂರು ಮಿ.ಮೀ. ಮುಂದೆ ಬರಬಹುದು. ಹಳೆಯದೇ ಜಾಸ್ತಿ ಚಾಚಿಕೊಂಡಿದ್ದರೆ ಅದರ ಅಳತೆಯನ್ನು ನಕಲು ಮಾಡಬೇಡಿ. ಬಾಗಿಲ ದಪ್ಪ ಮತ್ತು ಎರಡೂ ಬದಿಯ ಪ್ಲೇಟುಗಳ ದಪ್ಪ ಸೇರಿಸಿ ಹೊಸದಾಗಿ ಲೆಕ್ಕ ಹಾಕಿ.

ಪೆಟ್ಟಿಗೆಯೇ ಹೋಗಿದ್ದರೆ ಇನ್ನೆರಡು ಅಳತೆ ಮುಖ್ಯ. ಅಂಚಿನ ಪಟ್ಟಿಯ ಹೊರಮೈಯಿಂದ ಕೀಲಿ ತೂತಿನ ನಡುವಿನವರೆಗಿನ ದೂರಕ್ಕೆ ಅಂಗಡಿಯಲ್ಲಿ ಬ್ಯಾಕ್‌ಸೆಟ್ ಎನ್ನುತ್ತಾರೆ. ಹ್ಯಾಂಡಲಿನ ಚೌಕ ಕಂಬಿಯ ನಡುವಿನಿಂದ ಕೀಲಿ ತೂತಿನ ದುಂಡು ಭಾಗದ ನಡುವಿನವರೆಗಿನದು ಸೆಂಟರ್ ಅಳತೆ. ನಮ್ಮಲ್ಲಿ 85 ಮಿ.ಮೀ. ಬಹಳ ಬಳಕೆಯಲ್ಲಿದೆ, ಯುರೋಪಿನ ಲಾಕುಗಳಲ್ಲಿ 72 ಸಾಮಾನ್ಯ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತರಿಸುವವರು ಇದನ್ನು ಗಮನಿಸಿ. ಅಂಚಿನ ಪಟ್ಟಿಯ ಉದ್ದ, ಅಗಲವನ್ನೂ ಬರೆದುಕೊಳ್ಳಿ.

ಟೇಪಿನ ಕೊಕ್ಕೆ ಅಲುಗಾಡುತ್ತದೆ, ಟೇಪು ಕೆಟ್ಟಿದೆಯೇ?

ಇಲ್ಲ. ಅದನ್ನು ಬೇಕೆಂದೇ ಸಡಿಲ ಇಟ್ಟಿರುತ್ತಾರೆ. ಕೊಕ್ಕೆಯ ದಪ್ಪ ಎಷ್ಟೋ ಅಷ್ಟೇ ಅದು ಜರುಗುತ್ತದೆ. ಹೊರಗೆ ಸಿಕ್ಕಿಸಿ ಎಳೆದರೂ ಒಳಗೆ ಒತ್ತಿ ಅಳೆದರೂ ಸೊನ್ನೆ ಸರಿಯಾಗಿರಲಿ ಎಂದು ಈ ಏರ್ಪಾಟು. ಮೋಸ ಮಾಡುವುದು ಮಕ್ಕಳ ಪ್ಲಾಸ್ಟಿಕ್ ಸ್ಕೇಲು. ಅನೇಕ ಸ್ಕೇಲುಗಳಲ್ಲಿ ಸೊನ್ನೆ ತುದಿಯಲ್ಲಿರುವುದಿಲ್ಲ, ಕೆಲವು ಮಿ.ಮೀ. ಒಳಗಿರುತ್ತದೆ. ಇಂಚಿನಲ್ಲೂ ಅಳೆಯಬೇಡಿ. ಎರಡೂವರೆ ಇಂಚು ಎಂದರೆ 63.5 ಮಿ.ಮೀ. ಅಂಗಡಿಯವರು 60ರ ಸಿಲಿಂಡರ್ ಕೊಡಬೇಕೋ 65ರದ್ದೋ?

ಇನ್ನು ಆ ಗ್ರೂಪಿಗೆ ಹಾಕಿದ ಫೋಟೋದ ವಿಷಯ. ಲಾಕಿನ ಚಿತ್ರದಿಂದ ದೊಡ್ಡ ಅಪಾಯವಿಲ್ಲ, ಕೀಯ ಚಿತ್ರದಿಂದ ಇದೆ. 2008ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನಿಗಳು, ದೂರದಿಂದ ತೆಗೆದ ಫೋಟೋದಿಂದಲೂ ಕೀಯ ಹಲ್ಲುಗಳ ಆಳವನ್ನು ಲೆಕ್ಕ ಹಾಕಿ ನಕಲಿ ಕೀ ಮಾಡಬಹುದೆಂದು ತೋರಿಸಿದರು. ಕೀಗಳ ಗಾತ್ರ, ಹಲ್ಲುಗಳ ಜಾಗ ಮೊದಲೇ ನಿಗದಿಯಾಗಿರುವುದರಿಂದ ಇದು ಸಾಧ್ಯ. ಹಾಗಾಗಿ ಫೋಟೋ ಕಳಿಸುವುದಾದರೆ ಕೀ ತೆಗೆದಿಡಿ, ಲಾಕಿನ ಪಕ್ಕಕ್ಕೆ ಒಂದು ಸ್ಕೇಲ್ ಇಟ್ಟು ನೇರಕ್ಕೆ ಹೊಡೆಯಿರಿ, ಅಳತೆಯನ್ನು ಕೆಳಗೆ ಬರೆಯಿರಿ. ಬಿಚ್ಚಿದ ಹಳೆಯ ಸಿಲಿಂಡರನ್ನೇ ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೋದರಂತೂ ಇನ್ನೂ ಒಳ್ಳೆಯದು, ಆದರೆ ಅಷ್ಟು ಹೊತ್ತು ಮನೆಯಲ್ಲಿ ಯಾರಾದರೂ ಇರಲಿ.